ವಿಚ್ಛೇದನದ ಕಕ್ಷಿದಾರರು ಕುಸಿದು ಕುಳಿತಾಗ ವಕೀಲರು ಮಾಡಬೇಕಾದದ್ದೇನು?

ಮೈಸೂರಿನ_ವಕೀಲೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಕೌಟುಂಬಿಕ ನ್ಯಾಯಾಲಯದ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುತ್ತಿದ್ದೇನೆ. ಕಳೆದ ಗುರುವಾರ ನಡೆದದ್ದನ್ನು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಹೇಳುತ್ತಿದ್ದೇನೆ. ಮಧ್ಯಂತರ ಜೀವನಾಂಶದ ಅರ್ಜಿಗಾಗಿ ಕಕ್ಷಿದಾರರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ತುಂಬಿಸುತ್ತಿದ್ದೆ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಆ ಪ್ರಮಾಣಪತ್ರ ಎಷ್ಟು ಉದ್ದವಾಗಿದೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಬಾಡಿಗೆ, ದಿನಸಿ, ಔಷಧಿ ಎಂದು ಒಂದೊಂದೇ ಕೇಳಿ ಬರೆಯುತ್ತಾ ಹೋದೆ. ಮಗಳ ಮುಂದಿನ ವರ್ಷದ ಶಾಲಾ ಶುಲ್ಕದ ಸಾಲಿಗೆ ಬಂದಾಗ ಅವರು ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತಾ, "ಮುಂದಿನ ವರ್ಷಕ್ಕೆ ನಾನು ಇರುತ್ತೇನೋ ಇಲ್ಲವೋ ಮೇಡಂ, ಅಂದಾಜಿಗೆ ಏನಾದರೂ ಬರೆದುಕೊಳ್ಳಿ" ಎಂದರು. ನಾನು "ಹಾಗೆಲ್ಲ ಮಾತನಾಡಬಾರದು, ಧೈರ್ಯವಾಗಿರಿ" ಎಂದು ಹೇಳಿ ಮುಂದಿನ ಸಾಲಿಗೆ ಹೋದೆ.

ಅಂದಿನಿಂದ ನನಗೆ ಸರಿಯಾಗಿ ನಿದ್ರೆಯಿಲ್ಲ. ಐದು ವರ್ಷ ಕಾನೂನು ಓದಿದೆ, ಅಣಕು ನ್ಯಾಯಾಲಯದಲ್ಲಿ ಬಹುಮಾನವನ್ನೂ ಗೆದ್ದೆ. ಆದರೆ ಎದುರಿಗೆ ಕುಳಿತವರು ಇಂಥ ಮಾತನ್ನಾಡಿದರೆ ಏನು ಹೇಳಬೇಕೆಂದು ಯಾರೂ ಕಲಿಸಲಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಹಳೇ_ಗೌನು

ಮೂವತ್ತೊಂದು ವರ್ಷದ ವೃತ್ತಿಯ ಮೇಲೆ ಹೇಳುತ್ತೇನೆ ತಾಯಿ, ಇದು ನಮ್ಮ ಕೆಲಸವಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯನ್ನೇ ನೋಡಿ. 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಪಕ್ಷಕಾರರ ಹಕ್ಕೇ ಅಲ್ಲ. 6ನೇ ಕಲಮಿನಲ್ಲಿ ಆಪ್ತಸಮಾಲೋಚಕರನ್ನು ಕೊಟ್ಟಿದ್ದಾರೆ, 12ರಲ್ಲಿ ವೈದ್ಯಕೀಯ ತಜ್ಞರ ನೆರವಿಗೂ ಅವಕಾಶವಿದೆ. ಮನಸ್ಸಿನ ವಿಷಯ ಅವರಿಗೆ ಬಿಡಿ, ನೀವು ಕಡತ ಓದಿ. ಅಳುವವರ ಜೊತೆ ಅಳುತ್ತಾ ಕುಳಿತರೆ ಪಾಟೀಸವಾಲಿಗೆ ಸಿದ್ಧತೆ ಮಾಡುವವರು ಯಾರು? ನನ್ನ ಮೇಜಿನ ಮೇಲೆ ಒಂದು ಟಿಶ್ಯೂ ಡಬ್ಬಿ ಇದೆ, ಒಂದು ತಂಬಿಗೆ ನೀರಿದೆ. ಅಷ್ಟು ಸಾಕು.

ತುಮಕೂರು_ತಿಪ್ಪಣ್ಣ

ಸಾರ್, ಟಿಶ್ಯೂ ಡಬ್ಬಿಯ ಖರ್ಚು ಇತರೆ ವೆಚ್ಚದಲ್ಲಿ ಸೇರುತ್ತದೆಯೋ, ಫೀಸಿನಲ್ಲಿಯೋ?

ಧಾರವಾಡ_ಆಪ್ತಸಲಹೆ

ನಾನು ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಕೆಲಸ ಮಾಡುತ್ತೇನೆ. ಮಿಕ್ಕ ಚರ್ಚೆ ಆಮೇಲಾಗಲಿ. ಮೈಸೂರಿನ ಮೇಡಂ, ದಯವಿಟ್ಟು ಇದನ್ನು ಓದಿದ ಕೂಡಲೇ ಆ ಕಕ್ಷಿದಾರರಿಗೆ ಫೋನ್ ಮಾಡಿ. ಪ್ರಮಾಣಪತ್ರದ ನೆಪ ಬೇಡ. "ಗುರುವಾರ ನೀವು ಹೇಳಿದ ಮಾತು ನನ್ನ ತಲೆಯಲ್ಲೇ ಉಳಿದಿದೆ, ಅದಕ್ಕಾಗಿ ಕರೆ ಮಾಡಿದೆ" ಎಂದು ನೇರವಾಗಿ ಹೇಳಿ. ಬಳಿಕ, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ನಮ್ಮ ಸಮಾಜದಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಹಾಗೇನೂ ಆಗುವುದಿಲ್ಲ, ಬದಲಿಗೆ ಎಷ್ಟೋ ಜನ ಒಬ್ಬರಾದರೂ ಕೇಳಿದರಲ್ಲ ಎಂದು ಹಗುರಾಗುತ್ತಾರೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅವರು ನಂಬುವ ಒಬ್ಬರು ಪಕ್ಕದಲ್ಲಿರುವಂತೆ ನೋಡಿಕೊಳ್ಳಿ, ಹತ್ತಿರದ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

"ಧೈರ್ಯವಾಗಿರಿ" ಎನ್ನುವುದು ಕೆಟ್ಟ ಮಾತಲ್ಲ. ಆದರೆ ಅದನ್ನು ಕೇಳಿದವರಿಗೆ ಈ ವಿಷಯ ಇಲ್ಲಿಗೆ ಮುಗಿಯಿತು ಎಂದೇ ಅರ್ಥವಾಗುತ್ತದೆ.

ಮೈಸೂರಿನ_ವಕೀಲೆ

ಕರೆ ಮಾಡಿದೆ. ಬಹಳ ಹೊತ್ತು ಮಾತನಾಡಿದರು. ಈಗ ಅಕ್ಕನ ಮನೆಯಲ್ಲಿದ್ದಾರೆ, ಅಕ್ಕನೊಂದಿಗೂ ಮಾತನಾಡಿಸಿದರು. ನಾಳೆ ವೈದ್ಯರ ಬಳಿ ಹೋಗಲು ಒಪ್ಪಿದ್ದಾರೆ. ಉಪಕಾರವಾಯಿತು ಮೇಡಂ. ಕೇಳುವಾಗ ನನ್ನ ಧ್ವನಿಯೇ ನಡುಗಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಹುಬ್ಬಳ್ಳಿ_ವಕಾಲತ್ತು

ಒಳ್ಳೆಯದಾಯಿತು. ಆದರೆ ನನಗೊಂದು ಕಾನೂನಿನ ತೊಡಕು ಕಾಣುತ್ತಿದೆ. ಇಲ್ಲಿ ಕಕ್ಷಿದಾರರೇ ಅಕ್ಕನ ಕೈಗೆ ಫೋನ್ ಕೊಟ್ಟರು, ಸರಿ. ಕೊಡದಿದ್ದರೆ? ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಪ್ರಕಾರ ಕಕ್ಷಿದಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಅವರು ನಮ್ಮ ಬಳಿ ಹೇಳಿಕೊಂಡದ್ದನ್ನು ಹೊರಗೆ ಬಿಡುವಂತಿಲ್ಲ. ಅದಕ್ಕಿರುವ ವಿನಾಯಿತಿಗಳು ಕಾನೂನುಬಾಹಿರ ಉದ್ದೇಶ, ಅಪರಾಧ, ವಂಚನೆಗಳಿಗೆ ಸಂಬಂಧಿಸಿದವು. ಪ್ರಾಣ ಕಳೆದುಕೊಳ್ಳುವ ಯೋಚನೆಯನ್ನು ಅದರೊಳಗೆ ಹೇಗೆ ತುರುಕುವುದು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮೊದಲು ಭಾವಿಸಬೇಕೆನ್ನುತ್ತದೆ. ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಹೊಸ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಉಳಿದೇ ಇಲ್ಲ.

ಧಾರವಾಡ_ಆಪ್ತಸಲಹೆ

ನೀವು ಕಲಮು ಹುಡುಕುತ್ತಾ ಕುಳಿತಿರಿ, ನಾನು ಅಷ್ಟರಲ್ಲಿ ಅವರ ಅಣ್ಣನಿಗೆ ಫೋನ್ ಮಾಡಿರುತ್ತೇನೆ.

ಹುಬ್ಬಳ್ಳಿ_ವಕಾಲತ್ತು

ಮಾಡಿ ಮೇಡಂ, ನಾನೂ ಮಾಡುತ್ತೇನೆ. ಆದರೆ ಆ ಅಣ್ಣನೇ ತೊಂದರೆಯ ಮೂಲವಾಗಿದ್ದರೆ ಏನು ಮಾಡುವುದು? ನಮ್ಮ ಕಡೆ ಹೆಣ್ಣುಮಗಳೊಬ್ಬಳು ವಕೀಲರ ಕಛೇರಿಗೆ ಒಂಟಿಯಾಗಿ ಬರುವುದೇ ಅಪರೂಪ. ಅಪ್ಪ, ಸೋದರಮಾವ, ಊರ ಹಿರಿಯರೊಬ್ಬರು ಎಂದು ನಾಲ್ಕೈದು ಜನ ಬರುತ್ತಾರೆ. ಮಾತೆಲ್ಲ ಅವರದ್ದೇ, ಆಕೆಯ ಪಾಲಿಗೆ ಬರುವುದು ರುಜು ಮಾತ್ರ. ಕಕ್ಷಿದಾರರನ್ನು ಅಥವಾ ಅವರು ಅಧಿಕಾರ ಕೊಟ್ಟವರನ್ನು ಬಿಟ್ಟು ಬೇರೆಯವರ ಸೂಚನೆಯಂತೆ ನಡೆಯಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಅದಕ್ಕೆ ನಾನೊಂದು ರೂಢಿ ಇಟ್ಟುಕೊಂಡಿದ್ದೇನೆ. ವಕಾಲತ್ತಿಗೆ ಸಹಿ ಹಾಕಿಸುವ ದಿನ ಜೊತೆಗೆ ಬಂದವರನ್ನೆಲ್ಲ ಹೊರಗೆ ಚಹಾಕ್ಕೆ ಕಳುಹಿಸಿ, ನಮ್ಮ ಮಹಿಳಾ ಜೂನಿಯರ್ ಎದುರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: "ನಿಮಗೆ ತೀರಾ ಕಷ್ಟವಾದ ದಿನ ನಾನು ಯಾರಿಗೆ ತಿಳಿಸಬಹುದು?" ಆ ಹೆಸರನ್ನು ಅವರ ಕೈಯಿಂದಲೇ ಬರೆಸಿ, ಸಹಿ ಹಾಕಿಸಿ, ಕಡತದಲ್ಲಿಡುತ್ತೇನೆ. ಸ್ಪಷ್ಟ ಒಪ್ಪಿಗೆಯೂ ಸಿಕ್ಕಂತಾಯಿತು. ಹೊರಗೆ ಚಹಾ ಕುಡಿಯುತ್ತಿರುವವರ ಹೆಸರು ಆ ಚೀಟಿಯಲ್ಲಿ ಬಹಳ ಸಲ ಇರುವುದಿಲ್ಲ. ಒಬ್ಬಾಕೆ ತಾನು ಹೊಲಿಗೆ ಕಲಿತ ಟೀಚರಮ್ಮನ ಹೆಸರು ಬರೆದಿದ್ದಳು.

ಕಾದು_ಸುಸ್ತಾದವನು

ನಾನು ವಕೀಲನಲ್ಲ, ಕಕ್ಷಿದಾರನಾಗಿದ್ದವನು. ಗಂಡಸರ ಕಡೆಯಿಂದಲೂ ಒಂದು ಮಾತು ಸೇರಲಿ. ನಾಲ್ಕು ವರ್ಷ ನಡೆದ ಪ್ರಕರಣದಲ್ಲಿ ನನ್ನನ್ನು ಹಣ್ಣು ಮಾಡಿದ್ದು ಸೋಲು ಗೆಲುವಲ್ಲ, ಏನು ನಡೆಯುತ್ತಿದೆ ಎಂದೇ ತಿಳಿಯದೆ ಕಾಯುವುದು. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಗೋಡೆಗೆ ಒರಗಿ ನಿಂತರೆ ಮಧ್ಯಾಹ್ನ ಮೂರಕ್ಕೆ ಒಳಗೆ ಅರ್ಧ ನಿಮಿಷ, ಮತ್ತೆ ಮುಂದಿನ ದಿನಾಂಕ. ಯಾಕೆ ಮುಂದಕ್ಕೆ ಹೋಯಿತೆಂದು ವಕೀಲರನ್ನು ಕೇಳಿದರೆ "ಅದೆಲ್ಲ ಇರುತ್ತದೆ" ಎನ್ನುತ್ತಿದ್ದರು. ಅವರ ಗುಮಾಸ್ತರು ಮಾತ್ರ ಪ್ರತಿ ಸಲ ನನ್ನನ್ನು ಹುಡುಕಿಕೊಂಡು ಬಂದು, "ನಿಮ್ಮದು ನಲವತ್ತೆರಡನೇ ನಂಬರು, ಈಗ ಹದಿನೇಳು ನಡೆಯುತ್ತಿದೆ, ಹೋಗಿ ತಿಂಡಿ ತಿಂದು ಬನ್ನಿ, ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತಿದ್ದರು. ಆ ವರ್ಷಗಳಲ್ಲಿ ನನ್ನ ತಲೆ ಕೆಡದಂತೆ ಉಳಿಸಿದ್ದು ಆ ಮಾತು ಎಂದರೆ ನಗಬೇಡಿ.

ಇನ್ನೊಂದು ವಿಷಯ. ನಿದ್ರೆಯಿಲ್ಲ, ಊಟ ಸೇರುತ್ತಿಲ್ಲ ಎಂದು ನಾನು ಯಾರ ಬಳಿಯೂ ಹೇಳಲಿಲ್ಲ. "ಸ್ವಲ್ಪ ಗ್ಯಾಸ್ಟ್ರಿಕ್ ಸಾರ್" ಎನ್ನುತ್ತಿದ್ದೆ. ಗಂಡಸರು ಗ್ಯಾಸ್ಟ್ರಿಕ್, ತಲೆನೋವು, ಬಿಪಿ ಎಂದರೆ ಅದರಾಚೆಗೆ ಇನ್ನೊಂದು ಪ್ರಶ್ನೆ ಕೇಳಿ.

ತುಮಕೂರು_ತಿಪ್ಪಣ್ಣ

ಗುಮಾಸ್ತರ ಮಾತು ನೂರಕ್ಕೆ ನೂರು ನಿಜ. ಅರ್ಧ ಆಪ್ತಸಮಾಲೋಚನೆ ನಡೆಯುವುದು ಅವರಿಂದಲೇ, ಅವರ ಸಂಬಳ ಮಾತ್ರ ಏರುವುದಿಲ್ಲ.

ಪೆನ್ಸಿಲ್_ಗೆರೆ

ಬಹಳ ದಿನ ಸುಮ್ಮನೆ ಓದಿಕೊಂಡಿದ್ದೆ, ಇಂದು ಬರೆಯುತ್ತಿದ್ದೇನೆ. ಹೆರಿಗೆಯಾದ ಮೇಲೆ ಖಿನ್ನತೆಗಾಗಿ ನಾನು ಎಂಟು ತಿಂಗಳು ಮಾತ್ರೆ ತೆಗೆದುಕೊಂಡಿದ್ದೆ, ಗುಣವಾಯಿತು. ಮೂರು ವರ್ಷಗಳ ನಂತರ ಗಂಡನ ಕಡೆಯಿಂದ ವಿಚ್ಛೇದನದ ಅರ್ಜಿ ಬಂದಿತು. ಅದರಲ್ಲಿ ನಾನು "ಗುಣಪಡಿಸಲಾಗದ ಬುದ್ಧಿಭ್ರಮಣೆ"ಯವಳು. ಆಸ್ಪತ್ರೆಯ ಹಳೆಯ ಚೀಟಿಗಳ ಪ್ರತಿಗಳನ್ನು ಲಗತ್ತಿಸಿದ್ದರು. ಆ ಚೀಟಿಗಳನ್ನು ಗೋದ್ರೇಜ್ ಬೀರುವಿನಲ್ಲಿ, ಮಗುವಿನ ಲಸಿಕೆ ಕಾರ್ಡಿನ ಜೊತೆ ಜೋಪಾನ ಮಾಡಿಟ್ಟಿದ್ದವಳು ನಾನೇ. ರಾತ್ರಿ ಮಗು ಮಲಗಿದ ಮೇಲೆ ಅಡುಗೆಮನೆಯ ದೀಪದಲ್ಲಿ ಕುಳಿತು, ಆ ಪದ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಓದಿದೆ. ಹನ್ನೊಂದು ಕಡೆ ಇತ್ತು. ಮರುದಿನ ನನ್ನ ವಕೀಲರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಬರೆದದ್ದು ಅವರೋ, ಅವರ ವಕೀಲರೋ? ನನ್ನ ವಕೀಲರು ಉತ್ತರಿಸದೆ ಕಡತ ತಿರುವಿದರು.

ಅದಾದ ಮೇಲೆ ಸಂಸಾರ ಒಂದಾಗುವ ಮಾತೇ ಉಳಿಯಲಿಲ್ಲ. ಅದರಲ್ಲಿ ಯಾರ ಪಾಲೆಷ್ಟು ಎಂದು ಇಂದಿಗೂ ತಿಳಿದಿಲ್ಲ.

ಹಳೇ_ಗೌನು

ತಾಯಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ವಕೀಲರನ್ನಷ್ಟೇ ದೂರುವುದು ಸರಿಯಲ್ಲ. ಅರ್ಜಿಯಲ್ಲಿ ಹೇಳದ ಸಂಗತಿಗೆ ಮುಂದೆ ಸಾಕ್ಷ್ಯ ಕೊಡಲು ಬರುವುದಿಲ್ಲ. ಮಾನಸಿಕ ಕಾಯಿಲೆಯ ಕಾರಣಕ್ಕೆ ವಿಚ್ಛೇದನ ಕೇಳುವ ಹಿಂದೂ ವಿವಾಹ ಕಾಯಿದೆಯ 13(1)(iii) ಬಳಸಬೇಕಾದರೆ ಆ ಕಲಮಿನ ಭಾಷೆಯನ್ನೇ ಬಳಸಬೇಕು. ಹೂವಿನಲ್ಲಿ ಬರೆದುಕೊಡಲು ಅದು ಲಗ್ನಪತ್ರಿಕೆಯಲ್ಲ.

ನ್ಯಾಯದೇಗುಲ_ನಿತ್ಯಯಾತ್ರಿ

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆ, ಕ್ಷಮೆಯಿರಲಿ. ಹನ್ನೊಂದು ಸಲ ಬರೆಯಬೇಕೆಂದು ಯಾವ ಕಲಮಿನಲ್ಲೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅಂಥ ಅರ್ಜಿ ಕಾನೂನಿನ ದೃಷ್ಟಿಯಿಂದಲೂ ದುರ್ಬಲ. ರಾಮ್ ನಾರಾಯಣ್ ಗುಪ್ತಾ ವಿರುದ್ಧ ರಾಮೇಶ್ವರಿ ಗುಪ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1988ರಲ್ಲಿಯೇ ಕಾಯಿಲೆಯ ಹೆಸರು ಹೇಳಿದ ಮಾತ್ರಕ್ಕೆ ಸಾಲದು, ಜೊತೆಯಲ್ಲಿ ಬಾಳುವುದನ್ನು ನಿರೀಕ್ಷಿಸಲಾಗದಷ್ಟು ತೀವ್ರತೆ ಇದೆಯೇ ಎಂಬುದನ್ನು ನೋಡಬೇಕು ಎಂದಿದೆ. ಅದು ಸ್ಕಿಜೋಫ್ರೇನಿಯಾದ ಪ್ರಕರಣ. ಎಂಟು ತಿಂಗಳ ಖಿನ್ನತೆ ಅದರ ಹತ್ತಿರಕ್ಕೂ ಬರುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 3(5) ಕೂಡ, ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ವ್ಯಕ್ತಿ ಅಸ್ವಸ್ಥಚಿತ್ತರಾಗುವುದಿಲ್ಲ, ಅದನ್ನು ಸಕ್ಷಮ ನ್ಯಾಯಾಲಯ ಘೋಷಿಸಬೇಕು ಎನ್ನುತ್ತದೆ. ಕಾಯಿಲೆಯ ಪುರಾವೆಯನ್ನು ಎದುರು ಪಕ್ಷ ಅಲ್ಲಗಳೆದರೆ 105ನೇ ಕಲಮಿನಂತೆ ವಿಷಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ಖಿನ್ನತೆಗೂ ಬುದ್ಧಿಭ್ರಮಣೆಗೂ ಇರುವ ವ್ಯತ್ಯಾಸ ತಿಳಿಯದ ವಕೀಲರು ಎದುರಿನವರನ್ನು ನೋಯಿಸುವುದಲ್ಲದೆ ತಮ್ಮ ಕಕ್ಷಿದಾರರ ಪ್ರಕರಣವನ್ನೂ ಕೆಡಿಸುತ್ತಾರೆ. ಮೈಸೂರಿನ ಮೇಡಂ ಕೇಳಿದ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲಿದೆ. ಕಕ್ಷಿದಾರರನ್ನು ಸಮಾಧಾನಪಡಿಸುವುದು ಒಂದು ಭಾಗವಾದರೆ, ನಮ್ಮ ಬೆರಳಚ್ಚಿನಿಂದ ಎಷ್ಟು ಗಾಯ ಮಾಡುತ್ತಿದ್ದೇವೆ ಎಂದು ಅರಿಯುವುದು ಇನ್ನೂ ದೊಡ್ಡ ಭಾಗ.

ವ್ಯವಸ್ಥೆಯ ದೋಷವೂ ಇದೆ, ಒಪ್ಪುತ್ತೇನೆ. ಚೇತರಿಸಲಾರದಷ್ಟು ಮುರಿದುಬಿದ್ದ ದಾಂಪತ್ಯ ಎಂಬ ಕಾರಣಕ್ಕೆ ವಿಚ್ಛೇದನ ಕೊಡಲು ಕೆಳಗಿನ ನ್ಯಾಯಾಲಯಗಳಿಗೆ ಅಧಿಕಾರವಿಲ್ಲ. 2023ರ ಶಿಲ್ಪಾ ಶೈಲೇಶ್ ತೀರ್ಪಿನಲ್ಲಿಯೂ ಅದು ಸಂವಿಧಾನದ 142ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಸೇರಿದ್ದೇ. ಹೀಗಾಗಿ ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರು ಕೆಸರು ಹುಡುಕಲೇಬೇಕು. ಆದ್ದರಿಂದಲೇ ನಾನು ಸಾಧ್ಯವಿದ್ದಲ್ಲೆಲ್ಲ ಪರಸ್ಪರ ಒಪ್ಪಿಗೆಯ 13ಬಿ ಕಡೆಗೆ ಎಳೆಯುತ್ತೇನೆ. ಆರು ತಿಂಗಳ ಕಾಯುವಿಕೆಯನ್ನೂ 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಿಸಬಹುದು.

ಹಳೇ_ಗೌನು

ಒಪ್ಪಿಗೆಯ ಕಡೆಗೆ ಎಳೆಯುವುದೂ ಎಚ್ಚರದಿಂದ ಆಗಬೇಕು. ಮನಸ್ಸು ಕುಗ್ಗಿದವರು ಯಾವ ಕಾಗದಕ್ಕೂ ಸಹಿ ಹಾಕುತ್ತಾರೆ. "ನನಗೆ ಏನೂ ಬೇಡ, ಬಿಡುಗಡೆ ಸಿಕ್ಕರೆ ಸಾಕು" ಎಂದು ಜೀವನಾಂಶ ಬಿಟ್ಟುಕೊಟ್ಟು, ಎರಡು ವರ್ಷಗಳ ನಂತರ ಬಂದು ಕುಳಿತವರನ್ನು ನಾನು ನೋಡಿದ್ದೇನೆ. ಅದಕ್ಕೆ "ಏನೂ ಬೇಡ" ಎಂದವರ ಸಹಿಯನ್ನು ನಾನು ಅಂದೇ ತೆಗೆದುಕೊಳ್ಳುವುದಿಲ್ಲ, ಹದಿನೈದು ದಿನ ಬಿಟ್ಟು ಬರಲು ಹೇಳುತ್ತೇನೆ. ಹಾಗೆಯೇ ಎದುರು ಪಕ್ಷದ ಅರ್ಜಿಯನ್ನು ಮನೆಗೆ ಕೊಟ್ಟು ಕಳುಹಿಸುವುದೂ ಇಲ್ಲ. ಬೆಳಿಗ್ಗೆ ಕಛೇರಿಗೆ ಕರೆಸಿ, ನನ್ನ ಎದುರಿನಲ್ಲೇ ಓದಿಸುತ್ತೇನೆ, ಮಧ್ಯದಲ್ಲಿ ಒಂದು ಕಾಫಿ ತರಿಸುತ್ತೇನೆ. ಶುಕ್ರವಾರ ಸಂಜೆಯಂತೂ ಕೊಡುವುದೇ ಇಲ್ಲ. ಎರಡು ದಿನ ರಜೆಯಲ್ಲಿ ಅದನ್ನೇ ಮೆಲುಕು ಹಾಕುತ್ತಾರೆ.

ಧಾರವಾಡ_ಆಪ್ತಸಲಹೆ

ಸಾರ್, ಇದು ನಮ್ಮ ಕೆಲಸವಲ್ಲ ಎಂದು ಮೇಲೆ ಬರೆದವರು ತಾವೇ ಅಲ್ಲವೇ?

ಹಳೇ_ಗೌನು

ಇದು ಮನಶ್ಶಾಸ್ತ್ರವಲ್ಲಮ್ಮ, ಅನುಭವ. ರಾತ್ರಿ ಓದಿದವರು ರಾತ್ರಿಯೇ ಫೋನ್ ಮಾಡುತ್ತಾರೆ.

ಜಯನಗರ_ಜೂನಿಯರ್

ರಾತ್ರಿಯ ಫೋನಿನ ಮಾತು ಬಂದದ್ದು ಒಳ್ಳೆಯದಾಯಿತು. ವಾಟ್ಸ್‌ಆಪ್ ಬಂದ ಮೇಲೆ ನಮಗೆ ರಾತ್ರಿಯೆಂಬುದೇ ಇಲ್ಲ. ಹನ್ನೊಂದೂವರೆಗೆ ಗಂಡನ ಹೊಸ ಡಿಪಿಯ ಸ್ಕ್ರೀನ್‌ಶಾಟ್ ಬರುತ್ತದೆ, "ಮೇಡಂ, ಇದು ಸಾಕ್ಷ್ಯವಾಗುತ್ತದೆಯೇ?" ಎಂಬ ಪ್ರಶ್ನೆಯೊಂದಿಗೆ. ನಾನು ಎರಡು ವರ್ಷ ಎಲ್ಲದಕ್ಕೂ ಉತ್ತರಿಸಿದೆ. ಕೊನೆಗೆ ಒಂದು ದಿನ ನಮ್ಮವರು ಆಫೀಸಿನಿಂದ ತಡವಾಗಿ ಬಂದಾಗ, ನನಗರಿವಿಲ್ಲದೆಯೇ ಮನಸ್ಸಿನಲ್ಲಿ ದಿನಾಂಕ, ಸಮಯ, ಅವರು ಹೇಳಿದ ಕಾರಣ ಎಲ್ಲವನ್ನೂ ಪ್ಯಾರಾ ಸಂಖ್ಯೆಯೊಂದಿಗೆ ಬರೆದುಕೊಳ್ಳುತ್ತಿದ್ದೆ. ಪಾಪ, ಅವರು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ನಗು ಬಂದಿತು, ಹೆದರಿಕೆಯೂ ಆಯಿತು.

ಧಾರವಾಡ_ಆಪ್ತಸಲಹೆ

ಜಯನಗರದವರೇ, ನಿಮ್ಮ ಅನುಭವಕ್ಕೆ ನಮ್ಮಲ್ಲಿ ಪರೋಕ್ಷ ಆಘಾತ ಎಂಬ ಹೆಸರೇ ಇದೆ. ಬೇರೆಯವರ ಆಘಾತವನ್ನು ದಿನವೂ ಕೇಳುವವರ ಲೋಕದೃಷ್ಟಿಯೇ ಬದಲಾಗುವುದನ್ನು ಮ್ಯಾಕ್‌ಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಮನಶ್ಶಾಸ್ತ್ರಜ್ಞೆಯರು 1990ರಲ್ಲಿ ವಿವರಿಸಿದರು. ಅವರು ಬರೆದದ್ದು ಚಿಕಿತ್ಸಕರ ಬಗ್ಗೆ, ಆದರೆ ಕೌಟುಂಬಿಕ ವಕೀಲರಿಗೂ ಅದು ಹೊಂದುತ್ತದೆ. ನಮಗೆ ವಾರಕ್ಕೊಮ್ಮೆ ಹಿರಿಯರ ಬಳಿ ಕುಳಿತು ಹೇಳಿಕೊಳ್ಳುವ ವ್ಯವಸ್ಥೆಯಾದರೂ ಇದೆ. ನಿಮಗೆ ಬಾರ್ ಅಸೋಸಿಯೇಷನ್ ಕ್ಯಾಂಟೀನು ಮಾತ್ರ.

ರಾತ್ರಿಯ ಸಂದೇಶಗಳಿಗೆ ನನ್ನ ಸಲಹೆ: ಉತ್ತರ ಕೊಡುವ ವೇಳೆಯನ್ನು ಮೊದಲ ದಿನವೇ ಹೇಳಿ, ಆ ವೇಳೆಗೆ ತಪ್ಪದೆ ಉತ್ತರಿಸಿ. ಜೀವಕ್ಕೆ ಅಪಾಯವೆನಿಸಿದರೆ ಕಾಯದೆ ಎಲ್ಲಿಗೆ ಕರೆ ಮಾಡಬೇಕು ಎಂಬ ಸಂಖ್ಯೆಗಳನ್ನು ಅಂದೇ ಬರೆದುಕೊಡಿ.

ತುಮಕೂರು_ತಿಪ್ಪಣ್ಣ

ಕ್ಯಾಂಟೀನನ್ನು ಹಗುರವಾಗಿ ಕಾಣಬೇಡಿ ಮೇಡಂ, ಅಲ್ಲಿನ ಉದ್ದಿನ ವಡೆಗೆ ಎಂಥ ಆಘಾತವನ್ನೂ ಗುಣಪಡಿಸುವ ಶಕ್ತಿಯಿದೆ.

ಮೈಸೂರಿನ_ವಕೀಲೆ

ಒಂದು ಪ್ರಾಯೋಗಿಕ ಪ್ರಶ್ನೆ. ನೇರವಾಗಿ ಕೇಳಿ ಎಂದಿರಿ, ಕೇಳಿದೆ. ಆದರೆ ಕನ್ನಡದಲ್ಲಿ ಆ ವಾಕ್ಯ ಬಾಯಿಗೆ ಬರುವುದೇ ಕಷ್ಟವಾಯಿತು. "ಆತ್ಮಹತ್ಯೆ" ಎಂದರೆ ಪತ್ರಿಕೆಯ ಸುದ್ದಿಯಂತೆ, "ಸಾಯುವುದು" ಎಂದರೆ ಬಯ್ಗುಳದಂತೆ ಕೇಳಿಸುತ್ತದೆ. ಅವರ ಮಾತನ್ನು ಅಳೆಯುವುದೂ ಸುಲಭವಲ್ಲ. "ಸಾಕಾಗಿ ಹೋಗಿದೆ" ಎಂದು ನಾವೆಲ್ಲ ದಿನಕ್ಕೆ ಹತ್ತು ಸಲ ಅನ್ನುತ್ತೇವೆ.

ಧಾರವಾಡ_ಆಪ್ತಸಲಹೆ

ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಜನ ಖಿನ್ನತೆ ಎಂಬ ಪದವನ್ನು ಬಳಸುವುದು ಕಡಿಮೆ. ಬೇಜಾರು, ತಲೆಬಿಸಿ, ಎದೆ ಹಿಂಡಿದ ಹಾಗೆ, ಹೊಟ್ಟೆಯಲ್ಲಿ ಸಂಕಟ, ನಮ್ಮ ಕಡೆ "ಜೀವ ಬ್ಯಾಸತ್ತೈತ್ರಿ" ಎನ್ನುತ್ತಾರೆ. ಪದಕ್ಕಿಂತ ಅದರ ಜೊತೆಗೆ ಏನು ಬರುತ್ತದೆ ಎಂಬುದನ್ನು ಗಮನಿಸಿ. "ಸಾಕಾಗಿದೆ, ಈ ಕೋರ್ಟಿಗೆ ಬರುವುದೇ ಬೇಡ" ಎಂದರೆ ಅದು ಸಿಟ್ಟು. "ಸಾಕಾಗಿದೆ, ಮಗಳನ್ನು ಅಮ್ಮ ನೋಡಿಕೊಳ್ಳುತ್ತಾಳೆ" ಎಂದರೆ ಅಲ್ಲಿ ನಿಲ್ಲಬೇಕು. ತಾನಿಲ್ಲದ ದಿನಗಳ ಏರ್ಪಾಡು ಮಾತಿನಲ್ಲಿ ಕಾಣಿಸಿತೇ, ಒಡವೆ, ಪಾಸ್‌ಬುಕ್ಕು ಯಾರಿಗೋ ಒಪ್ಪಿಸುವ ಮಾತು ಬಂದಿತೇ, ಮುಂದಿನದರ ಲೆಕ್ಕವನ್ನೇ ಬಿಟ್ಟರೇ ಎಂದು ನೋಡಿ. ನಿಮ್ಮ ಕಕ್ಷಿದಾರರು ಶಾಲಾ ಶುಲ್ಕದ ಸಾಲಿನಲ್ಲಿ ನಿಂತದ್ದು ಅದಕ್ಕೇ.

ಕೇಳುವಾಗ ನಾನು ಅವರ ಮಾತಿನಿಂದಲೇ ದಾರಿ ಮಾಡಿಕೊಳ್ಳುತ್ತೇನೆ. "ಜೀವ ಬ್ಯಾಸತ್ತೈತಿ ಅಂದ್ರಲ್ಲ, ಜೀವಾನ ಬ್ಯಾಡ ಅನ್ನೂವಷ್ಟು ಬ್ಯಾಸತ್ತೈತೇನ್ರಿ?" ಎನ್ನುತ್ತೇನೆ. ಕೇಳಿ ಸುಮ್ಮನಾಗುತ್ತೇನೆ. ಆ ಮೌನವನ್ನು ತುಂಬಿಸುವ ಆತುರ ವಕೀಲರಿಗೆ ಬಹಳ, ದಯವಿಟ್ಟು ತಡೆದುಕೊಳ್ಳಿ.

ಹುಬ್ಬಳ್ಳಿ_ವಕಾಲತ್ತು

ಪಾಟೀಸವಾಲಿನಲ್ಲೂ ಅದೇ ಪಾಠ ಮೇಡಂ, ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕು. ಇಲ್ಲಿ ಉದ್ದೇಶ ಬೇರೆ, ಅಷ್ಟೇ.

ಪೆನ್ಸಿಲ್_ಗೆರೆ

ಹಳೇ ಗೌನು ಸಾರ್, ನನಗೆ ಆ ಅರ್ಜಿಯನ್ನು ಯಾರಾದರೂ ಬೆಳಿಗ್ಗೆ ಹೊತ್ತು ಎದುರಿಗೆ ಕೂರಿಸಿಕೊಂಡು ಓದಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಒಂದು ಕೇಳಬಹುದೇ? ಅಂಥ ಅರ್ಜಿಯನ್ನು ನೀವೇ ಬರೆಯಬೇಕಾಗಿ ಬಂದಾಗ, ಎದುರಿನಾಕೆ ಅದನ್ನು ಯಾವ ಹೊತ್ತಿನಲ್ಲಿ ಓದುತ್ತಾಳೆಂದು ಯೋಚಿಸಿದ್ದಿದೆಯೇ?

ಹಳೇ_ಗೌನು

ಇಲ್ಲ ತಾಯಿ. ಯೋಚಿಸಿರಲಿಲ್ಲ.

ಮೈಸೂರಿನ_ವಕೀಲೆ

ಕೊನೆಯ ಸುದ್ದಿ ತಿಳಿಸುತ್ತೇನೆ. ಕಕ್ಷಿದಾರರು ನಿನ್ನೆ ಅಕ್ಕನ ಜೊತೆ ಬಂದಿದ್ದರು. ವೈದ್ಯರು ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಬರಹೇಳಿದ್ದಾರೆ. ಆ ಚೀಟಿಯನ್ನು ಎದುರು ಪಕ್ಷದವರು ಸಾಕ್ಷ್ಯವಾಗಿ ಬಳಸುತ್ತಾರೆಯೇ ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು. ಅದಕ್ಕೆ ಹೆದರಿಯೇ ಇಷ್ಟು ದಿನ ವೈದ್ಯರ ಬಳಿ ಹೋಗಿರಲಿಲ್ಲವಂತೆ. ನ್ಯಾಯದೇಗುಲದವರು ಹೇಳಿದ 1988ರ ತೀರ್ಪನ್ನೂ 3(5)ನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ, ಎರಡು ಸಲ ಹೇಳಿಸಿಕೊಂಡರು. ಪ್ರಮಾಣಪತ್ರದ ಉಳಿದ ಭಾಗವನ್ನು ಎರಡು ಕಂತಿನಲ್ಲಿ ತುಂಬೋಣವೆಂದೆ. ಶಾಲಾ ಶುಲ್ಕದ ಸಾಲು ಇನ್ನೂ ಖಾಲಿ ಇದೆ. ಶಾಲೆಯಲ್ಲಿ ವಿಚಾರಿಸಿಕೊಂಡು ಸೋಮವಾರ ಸರಿಯಾದ ಮೊತ್ತ ಹೇಳುತ್ತೇನೆ ಎಂದಿದ್ದಾರೆ.